ಏರುದಾರಿಯಲ್ಲಿ ನಿರ್ಧಾರ ಬೇಡ

ಮುಂಬಯಿಯ ಆರು ಮಂದಿ ಪಾರ್ಸಿ ತರುಣರು 1923ರ ಅಕ್ಟೋಬರ್ 15ರಂದು ಸೈಕಲ್ ಹತ್ತಿ ಲೋಕ ಸುತ್ತಲು ಹೊರಟರು. ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ, ಗುಸ್ತಾದ್ ಹಾಥಿರಾಂ, ಕೇಕಿ ಪೋಚ್‌ಖಾನಾವಾಲಾ, ನರಿಮನ್ ಕಪಾಡಿಯಾ. ಎಲ್ಲರೂ ಭಾರ ಎತ್ತುವವರ ಒಂದೇ ಕ್ಲಬ್ಬಿಗೆ ಸೇರಿದ ಗಟ್ಟಿ ಆಳುಗಳು. ಬಲೂಚಿಸ್ತಾನ, ಇರಾನ್, ಇರಾಕ್, ಯುರೋಪ್, ಅಮೆರಿಕ, ಜಪಾನ್, ಕೊರಿಯಾ, ಚೀನಾ, ಬರ್ಮಾ ಎಲ್ಲ ಮುಗಿದು 1928ರ ಮಾರ್ಚ್ 18ರಂದು ಸೈಕಲ್ಲುಗಳು ಮತ್ತೆ ಮುಂಬಯಿ ಸೇರುವ ಹೊತ್ತಿಗೆ ಸುಮಾರು 71,000 ಕಿ.ಮೀ. ಸಂದಿತ್ತು. ಮರಳಿ ಬಂದ ಸೈಕಲ್ಲುಗಳು ಮೂರು. ಹಕೀಂ, ಬಾಪಾಸೋಲಾ, ಭೂಮ್‌ಗರಾ ಸುತ್ತು ಪೂರೈಸಿದರು. ಅವರು ಬರೆದ ಪ್ರವಾಸ ಕಥನಕ್ಕೆ ಜವಾಹರಲಾಲ್ ನೆಹರೂ ಮುನ್ನುಡಿ ಬರೆದರು.

ಈ ಸಾಹಸವನ್ನು ಹೇಳುವವರೆಲ್ಲ ಮೂವರನ್ನು ಕೊಂಡಾಡಿ ಮಾತು ಮುಗಿಸುತ್ತಾರೆ. ಕೊಂಡಾಡಬೇಕಾದ್ದೇ. ಬಾಗ್ದಾದಿನಿಂದ ಅಲೆಪ್ಪೊವರೆಗಿನ ಮರುಭೂಮಿಯನ್ನು ಅವರು ಮರಳುಗಾಳಿಗೆ ಮುಖವೊಡ್ಡಿ, ಬಿಸಿಲಿಗೆ ಚರ್ಮ ಸುಲಿಸಿಕೊಂಡು ಸೈಕಲ್ ಮೇಲೆ ದಾಟಿದ್ದರು. ಉಳಿದ ಮೂವರಲ್ಲಿ ಒಬ್ಬರು ಮೊದಲ ಹಂತದಲ್ಲೇ ಸ್ವಂತ ಕಾರಣಗಳಿಗಾಗಿ ಮನೆಗೆ ಹಿಂದಿರುಗಿದ್ದರು, ಇನ್ನೊಬ್ಬರು ಅಮೆರಿಕದಲ್ಲೇ ನೆಲೆ ನಿಂತರು. ಆರು ಮೂರಾದ ಆ ಜಾಗದಲ್ಲಿ ನನ್ನ ಮನಸ್ಸು ನಿಂತುಬಿಡುತ್ತದೆ. ದೂರದ ಸೈಕಲ್ ಪ್ರಯಾಣ ಸವಾರನ ಮುಂದೆ ದಿನವೂ ಒಂದೇ ಪ್ರಶ್ನೆ ಇಡುತ್ತದೆ: ಮುಂದೆ ಹೋಗಲೋ, ಇಲ್ಲಿಗೆ ಸಾಕು ಮಾಡಲೋ? ಎರಡೂ ಗೌರವದ ಉತ್ತರಗಳೇ. ಆದರೆ ಉತ್ತರ ಯಾವ ಹೊತ್ತಿನಲ್ಲಿ, ಎಂಥ ಸ್ಥಿತಿಯಲ್ಲಿ ಬಾಯಿಂದ ಬಂತು ಎಂಬುದರ ಮೇಲೆ ಅದು ತೂಕದ ಉತ್ತರವೋ ಬಳಲಿಕೆಯ ಉತ್ತರವೋ ಎಂಬುದು ನಿಂತಿದೆ. ಇವತ್ತು ಯೋಚಿಸಬೇಕಾದ್ದು ಇದನ್ನೇ.

ಮೊದಲು ಹೊಟ್ಟೆಯ ಮಾತು. ನಮ್ಮ ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಸಕ್ಕರೆಯ ದಾಸ್ತಾನು ಇರುತ್ತದೆ. ಗ್ಲೈಕೋಜೆನ್ ಎಂದು ಅದರ ಹೆಸರು. ಒಬ್ಬ ವಯಸ್ಕರ ಮೈಯಲ್ಲಿ ಅದು ಒಟ್ಟು ಸುಮಾರು 400ರಿಂದ 500 ಗ್ರಾಂ, ಅಂದರೆ 2,000 ಕ್ಯಾಲೊರಿಯ ಆಸುಪಾಸು. ಹಿಂದೆ ಮುಂದೆ ಚೀಲ ಕಟ್ಟಿಕೊಂಡ ಸೈಕಲ್ಲನ್ನು ಬಿಸಿಲಲ್ಲಿ ತುಳಿಯುವವರು ನಡುವೆ ಏನೂ ತಿನ್ನದೆ ಹೋದರೆ ಕೆಲವೇ ಗಂಟೆಗಳಲ್ಲಿ ಈ ದಾಸ್ತಾನು ತಳ ಕಾಣುತ್ತದೆ. ಬೆಂಗಳೂರಿನ ಸೈಕಲ್ ಬಳಗಗಳಲ್ಲಿ ಇದನ್ನು ‘ಬಾಂಕ್ ಆಗೋದು’ ಅನ್ನುತ್ತಾರೆ. ಕಾಲು ಸೋಲುವುದು ಎಲ್ಲರೂ ನಿರೀಕ್ಷಿಸುವ ಸಂಗತಿ. ಮಿದುಳು ಕೂಡ ಅದೇ ಸಕ್ಕರೆಯ ಮೇಲೆ ಬದುಕಿದೆ ಎಂಬುದು ಮಾತ್ರ ಆ ಹೊತ್ತಿನಲ್ಲಿ ನೆನಪಾಗುವುದಿಲ್ಲ. ಕೈ ನಡುಗುತ್ತದೆ, ಸಣ್ಣ ಮಾತಿಗೂ ಸಿಟ್ಟು ನೆತ್ತಿಗೇರುತ್ತದೆ, ಕಾರಣವಿಲ್ಲದೆ ಕಣ್ಣು ತುಂಬುತ್ತದೆ. ನಾನು ಯಾಕಾದರೂ ಹೊರಟೆ, ನನ್ನಂಥವರ ಕೈಲಾಗುವ ಕೆಲಸವೇ ಇದು ಎಂಬ ಯೋಚನೆಗಳು ಸಾಲಾಗಿ ಬರುತ್ತವೆ. ಅವು ಹಸಿವಿನಿಂದ ಹುಟ್ಟಿದವು ಎಂದು ಸವಾರನಿಗೆ ಅನ್ನಿಸುವುದೇ ಇಲ್ಲ. ತನ್ನ ಬದುಕಿನ ಬಗ್ಗೆ ತಾನು ಕಂಡುಕೊಂಡ ಸತ್ಯ ಎಂದೇ ಅನ್ನಿಸುತ್ತದೆ.

ಆಗ ರಸ್ತೆ ಬದಿಯ ಮರದಡಿ ಕೂತು ಎರಡು ಬಾಳೆಹಣ್ಣು, ಒಂದು ತುಂಡು ಕಡಲೆ ಚಿಕ್ಕಿ, ಉಪ್ಪು ಸಕ್ಕರೆ ಕಲಸಿದ ಒಂದು ಬಾಟಲಿ ನೀರು ಹೊಟ್ಟೆಗೆ ಹಾಕಿಕೊಳ್ಳಬೇಕು. ಅರ್ಧ ಗಂಟೆ ಕಳೆಯುವುದರೊಳಗೆ ಅದೇ ರಸ್ತೆ, ಅದೇ ಬಿಸಿಲು, ಅದೇ ಸೈಕಲ್ಲು ಸಹನೀಯವಾಗುತ್ತವೆ. ಮುಂದಿನ ಊರು ಎಷ್ಟು ದೂರ ಎಂದು ಕೇಳುವ ಉತ್ಸಾಹ ಮರಳುತ್ತದೆ. ಅರ್ಧ ಗಂಟೆ ಮೊದಲು ತೀರ್ಮಾನ ಮಾಡಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದರೆ ತೀರ್ಮಾನ ಮಾಡಿದ್ದು ಯಾರು? ಖಾಲಿ ಹೊಟ್ಟೆ. ದೂರ ತುಳಿದು ಪಳಗಿದವರು ಹಸಿವಾಗುವ ಮೊದಲೇ ತಿನ್ನುತ್ತಾರೆ, ಬಾಯಾರುವ ಮೊದಲೇ ಕುಡಿಯುತ್ತಾರೆ. ಅವರ ಧೈರ್ಯದ ದೊಡ್ಡ ಪಾಲು ಹ್ಯಾಂಡಲಿಗೆ ಕಟ್ಟಿದ ಆ ತಿಂಡಿಯ ಚೀಲದಲ್ಲಿದೆ.

ಗಾಳಿಯದು ಇನ್ನೊಂದು ಪರೀಕ್ಷೆ. ಆಷಾಢದಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೊರಟವರಿಗೆ ಚಿತ್ರದುರ್ಗ ದಾಟುವುದೆಂದರೆ ಏನೆಂದು ಗೊತ್ತು. ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವ ಊರದು. ನೈರುತ್ಯ ಮುಂಗಾರಿನ ಗಾಳಿ ಎದುರಿನಿಂದ ಅಪ್ಪಳಿಸುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದು ಲೆಕ್ಕದ ಮಾತು. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಅಷ್ಟೇ ವೇಗದ ಎದುರುಗಾಳಿ ಸಿಕ್ಕರೆ ಮೈಗೆ ತಾಗುವ ತಡೆ ನಾಲ್ಕು ಪಟ್ಟಾಗುತ್ತದೆ. ಆ ವೇಗ ಹಿಡಿದಿಡುವುದು ಮನುಷ್ಯರ ಕೈಲಾಗದು. ಗಂಟೆಗೆ ಹತ್ತು ಕಿ.ಮೀ. ಬಂದರೆ ಪುಣ್ಯ. ಘಾಟಿ ಹತ್ತುವ ಕಷ್ಟಕ್ಕೊಂದು ಲೆಕ್ಕವುಂಟು. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ತಿರುವು. ಒಂದೊಂದನ್ನೇ ಎಣಿಸಿ ಕಳೆಯಬಹುದು, ಮೇಲೆ ತಲುಪಿದ್ದು ಗೊತ್ತಾಗುತ್ತದೆ, ಎಲ್ಲೋ ಒಂದು ಇಳಿಜಾರು ಸಿಗುತ್ತದೆ. ಗಾಳಿಗೆ ತುದಿಯಿಲ್ಲ, ಇಳಿಜಾರೂ ಇಲ್ಲ. ಸಪಾಟು ರಸ್ತೆಯಲ್ಲೂ ಸೈಕಲ್ ಕದಲದಿದ್ದಾಗ ತಪ್ಪು ತನ್ನದೇ ಎಂದು ಸವಾರ ತಿಳಿಯುತ್ತಾನೆ. ಹೊರಗಿನ ತಡೆಯನ್ನು ಒಳಗಿನ ದೌರ್ಬಲ್ಯವೆಂದು ಓದಿಕೊಳ್ಳುವ ಈ ತಪ್ಪು ರಸ್ತೆಯ ಮೇಲೆ ಎಷ್ಟೋ ಮಂದಿಯ ಎದೆ ಒಡೆದಿದೆ. ಅಂಥ ದಿನ ಮಾಡಬೇಕಾದ ಕೆಲಸ ಸರಳ: ನಸುಕಿನಲ್ಲಿ ಗಾಳಿ ಏಳುವ ಮೊದಲು ಹೊರಡುವುದು, ದಿನದ ದೂರವನ್ನು ಅರ್ಧಕ್ಕೆ ಇಳಿಸುವುದು, ಆ ಅರ್ಧವನ್ನು ಪೂರ್ತಿಯೆಂದೇ ಎಣಿಸುವುದು.

ಸಣ್ಣ ನೋವುಗಳೂ ಹೀಗೆಯೇ ಒಳಗೆ ಇಳಿಯುತ್ತವೆ. ಸೀಟು ಒಂದು ಬೆರಳಿನಷ್ಟು ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ. ಹ್ಯಾಂಡಲಿನ ಮೇಲೆ ದಿನವಿಡೀ ಭಾರ ಬಿಟ್ಟರೆ ಅಂಗೈಯ ನರ ಒತ್ತಿ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಬೆವರು ಒಣಗಿದ ಬಟ್ಟೆಯಲ್ಲೇ ಎರಡು ದಿನ ಕೂತರೆ ಆಸನದ ಜಾಗದಲ್ಲಿ ಹುಣ್ಣಾಗುತ್ತದೆ; ಆಮೇಲೆ ಒಂದೊಂದು ಕಿಲೋಮೀಟರೂ ಶಿಕ್ಷೆ. ಇವುಗಳ ಬಗ್ಗೆ ಬಾಯಿ ಬಿಟ್ಟು ಹೇಳಿಕೊಳ್ಳಲು ನಾಚಿಕೆ. ಹೇಳದೆ ಮುಚ್ಚಿಟ್ಟ ನೋವು ಮೂರನೆಯ ದಿನ ಬೇಸರದ ರೂಪ ತಾಳಿ ಹೊರಗೆ ಬರುತ್ತದೆ. ಸೀಟು ಎತ್ತರಿಸುವುದು, ರಾತ್ರಿ ಬಟ್ಟೆ ಒಗೆದು ಹರವುವುದು, ಹುಣ್ಣಿಗೆ ಮುಲಾಮು ಹಚ್ಚಿ ಒಂದು ದಿನ ಕೂತುಬಿಡುವುದು ಮನಸ್ಸಿಗೂ ಮಾಡುವ ಚಿಕಿತ್ಸೆ.

ಸೈಕಲ್ಲಿಗೂ ಇದೇ ಮಾತು. ಹಿಂದಿನ ಚಕ್ರದ ಮೇಲೆ ಸವಾರನ ತೂಕವೂ ಚೀಲಗಳ ತೂಕವೂ ಬೀಳುವುದರಿಂದ ಕಡ್ಡಿ ಮುರಿಯುವುದು ಹೆಚ್ಚಾಗಿ ಅಲ್ಲೇ. ಹೋಬಳಿ ಮಟ್ಟದ ಸೈಕಲ್ ಶಾಪಿನವರು ಮುರಿದ ಕಡ್ಡಿ ಹಾಕಿ ಚಕ್ರದ ಔಟು ತೆಗೆಯುವುದರಲ್ಲಿ ನಿಸ್ಸೀಮರು. ಆದರೆ ಅವರಲ್ಲಿರುವ ಟೈರು ಹಳೆಯ ಕರಿ ಸೈಕಲ್ಲಿನ ಅಳತೆಯದು, ಅವರ ಪಂಪು ಹಳೆಯ ವಾಲ್ವಿನದು. ಹೊರದೇಶದ ತೆಳು ಚಕ್ರದ ಸೈಕಲ್ಲು ತಂದವರು ಆ ಅಂಗಡಿಯ ಮುಂದೆ ನಿಂತರೂ ನೆರವು ಸಿಗುವುದಿಲ್ಲ. ಎರಡು ಟ್ಯೂಬು, ನಾಲ್ಕು ಕಡ್ಡಿ, ಚೈನಿನ ಒಂದು ಕೊಂಡಿ, ಒಂದು ಸಣ್ಣ ಪಂಪು ಜೊತೆಗಿದ್ದರೆ ಕತ್ತಲಾಗುವ ಹೊತ್ತಿಗೆ ಪಂಕ್ಚರ್ ಆದಾಗ ಎದೆ ಅಷ್ಟು ಡವಗುಟ್ಟುವುದಿಲ್ಲ. ಸಿದ್ಧತೆಯ ನಿಜವಾದ ಫಲ ಇದು: ಕಷ್ಟ ಬಂದಾಗ ಅದು ರಿಪೇರಿಯ ಕೆಲಸವಾಗಿಯೇ ಉಳಿಯುತ್ತದೆ, ವಿಧಿಯ ಸೂಚನೆಯಾಗಿ ಬೆಳೆಯುವುದಿಲ್ಲ.

ಐರ್ಲೆಂಡಿನ ಡರ್ವ್ಲಾ ಮರ್ಫಿ ಇದನ್ನು ಬಲ್ಲವರಾಗಿದ್ದರು. ಹತ್ತನೆಯ ಹುಟ್ಟುಹಬ್ಬಕ್ಕೆ ಅವರಿಗೆ ಒಂದು ಹಳೆಯ ಸೈಕಲ್ಲೂ ಒಂದು ಅಟ್ಲಾಸೂ ಸಿಕ್ಕಿದ್ದವು. ಕೆಲವೇ ದಿನಗಳಲ್ಲಿ ತಮ್ಮೂರು ಲಿಸ್ಮೋರ್ ಹತ್ತಿರದ ಕಡಿದಾದ ಗುಡ್ಡದ ದಾರಿ ತುಳಿಯುತ್ತಿದ್ದಾಗ, ಹೀಗೇ ತುಳಿಯುತ್ತ ಹೋದರೆ ಭಾರತ ತಲುಪಬಹುದು ಎಂಬ ಯೋಚನೆ ಅವರಿಗೆ ಬಂತು. ಆಸೆ ಏರುದಾರಿಯಲ್ಲಿ ಹುಟ್ಟಿತು. ಹೊರಡುವ ಗಳಿಗೆ ಬರಲು ಇಪ್ಪತ್ತು ವರ್ಷಗಳ ಮೇಲೆ ಹಿಡಿಯಿತು. ಸಂಧಿವಾತದಿಂದ ಹಾಸಿಗೆ ಹಿಡಿದ ತಾಯಿಯ ಆರೈಕೆಗಾಗಿ ಹದಿನಾಲ್ಕನೆಯ ವಯಸ್ಸಿಗೇ ಶಾಲೆ ಬಿಟ್ಟ ಹುಡುಗಿ ಅವರು. ತಂದೆ ತೀರಿಕೊಂಡು, 1962ರಲ್ಲಿ ತಾಯಿಯೂ ತೀರಿಕೊಂಡ ಮೇಲೆ, 1963ರ ಜನವರಿಯಲ್ಲಿ ಯುರೋಪು ಕಂಡ ಅತಿ ಕಠಿಣ ಚಳಿಗಾಲಗಳಲ್ಲೊಂದರ ನಡುವೆ ಒಬ್ಬರೇ ಹೊರಟರು. ಏಷ್ಯಾದ ರಸ್ತೆಗಳಿಗೆ ತಾಳಲಾರದೆಂದು ಸೈಕಲ್ಲಿನ ಗೇರುಗಳನ್ನೇ ಬಿಚ್ಚಿಸಿದ್ದರು. ದಾರಿಯ ಮುಂದಿನ ಊರುಗಳಿಗೆ ಟೈರುಗಳನ್ನು ಮೊದಲೇ ಕಳಿಸಿದ್ದರು.

ಹಿಮದಲ್ಲಿ ಸೈಕಲ್ ಹೋಗದ ಕಡೆ ಅವರು ಲಾರಿ ಹತ್ತಿದರು. ಅಫ್ಘಾನಿಸ್ತಾನದಲ್ಲಿ ಬಸ್ಸಿನಲ್ಲೂ ಹೋದರು. ಆ ಬಸ್ಸಿನೊಳಗೆ ಎದ್ದ ಜಗಳದಲ್ಲಿ ಬಂದೂಕಿನ ಹಿಡಿಯ ಏಟು ಬಿದ್ದು ಪಕ್ಕೆಲುಬುಗಳು ಮುರಿದವು. ಗುಣವಾಗುವವರೆಗೆ ಕಾದು ಮತ್ತೆ ಪೆಡಲು ತುಳಿದರು. ಆ ಜುಲೈನಲ್ಲಿ ದೆಹಲಿ ತಲುಪಿದ ಮೇಲೆ ಟಿಬೆಟಿನ ನಿರಾಶ್ರಿತ ಮಕ್ಕಳ ನಡುವೆ ಕೆಲಸಕ್ಕೆ ನಿಂತರು. ಪ್ರತಿ ಅಂಗುಲವನ್ನೂ ತುಳಿದೇ ಬರಬೇಕೆಂಬ ಹಟ ಅವರಿಗಿರಲಿಲ್ಲ. ಮುಂದೆ 1970ರ ದಶಕದಲ್ಲಿ ಐದು ವರ್ಷದ ಮಗಳನ್ನು ಕರೆದುಕೊಂಡು ನಮ್ಮ ಕೊಡಗಿಗೂ ಬಂದು ಅದರ ಮೇಲೆ ಒಂದು ಪುಸ್ತಕ ಬರೆದರು. ಕಾಯಬೇಕಾದಲ್ಲಿ ಕಾದು, ಬಸ್ಸು ಹತ್ತಬೇಕಾದಲ್ಲಿ ಹತ್ತಿ, ತುಳಿಯಬಹುದಾದಲ್ಲಿ ತುಳಿದ ಅವರ ಬಾಳನ್ನು ನೋಡಿದಾಗ ಹಟಕ್ಕೂ ನಿಷ್ಠೆಗೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹಟ ಹಾಕಿಕೊಂಡ ನಿಯಮವನ್ನು ಉಳಿಸುತ್ತದೆ. ನಿಷ್ಠೆ ಹೊರಟ ಉದ್ದೇಶವನ್ನು ಉಳಿಸುತ್ತದೆ.

ಪುಣೆಯ ವೇದಾಂಗಿ ಕುಲಕರ್ಣಿ 2018ರ ಜುಲೈನಲ್ಲಿ ಆಸ್ಟ್ರೇಲಿಯಾದ ಪರ್ತ್‌ನಿಂದ ಒಬ್ಬಂಟಿಯಾಗಿ ಹೊರಟಾಗ ಇನ್ನೂ ಹತ್ತೊಂಬತ್ತರ ಹುಡುಗಿ. ಲೋಕವನ್ನು ಅತಿ ಬೇಗ ಸುತ್ತಿದ ಮಹಿಳೆ ಎನಿಸಿಕೊಳ್ಳುವ ಆಸೆ ಹೊತ್ತಿದ್ದರು. ಭಾರತದ ಪಾಸ್‌ಪೋರ್ಟಿಗೆ ಅನೇಕ ದೇಶಗಳು ವೀಸಾ ಕೇಳುತ್ತವೆ. ಅದಕ್ಕಾಗಿ ಕಾದು ದಿನಗಳು ಹೋದವು. ಕೆನಡಾದಲ್ಲಿ ಕರಡಿ ಬೆನ್ನಟ್ಟಿತು. ಸ್ಪೇನಿನಲ್ಲಿ ಚಾಕು ತೋರಿಸಿ ದೋಚಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸ್ಕಾಟ್ಲೆಂಡಿನ ಜೆನ್ನಿ ಗ್ರಹಾಂ 124 ದಿನಗಳಲ್ಲಿ ಸುತ್ತು ಮುಗಿಸಿ ಮಹಿಳೆಯರ ದಾಖಲೆ ಬರೆದರು. ವೇದಾಂಗಿ ಆಗ ಇನ್ನೂ ದಾರಿಯಲ್ಲಿದ್ದರು. ಯಾವ ಗುರಿಗಾಗಿ ಹೊರಟಿದ್ದರೋ ಅದು ಕೈತಪ್ಪಿದ ಮೇಲೂ ರಷ್ಯಾದ ಹಿಮದ ರಾತ್ರಿಗಳನ್ನು ಗುಡಾರದಲ್ಲಿ ಕಳೆದು, ಭಾರತಕ್ಕೆ ಬಂದು, ಡಿಸೆಂಬರ್‌ನಲ್ಲಿ ಕೋಲ್ಕತ್ತಾದಲ್ಲಿ 29,000 ಕಿ.ಮೀ. ಪೂರೈಸಿದರು. 159 ದಿನ ಹಿಡಿದಿತ್ತು. ದಾಖಲೆಯೊಂದಕ್ಕಾಗಿಯೇ ತುಳಿದಿದ್ದರೆ ಪ್ರಯಾಣ ಅಕ್ಟೋಬರ್‌ನಲ್ಲೇ ಮುಗಿಯಬೇಕಿತ್ತು. ಮುಂದುವರಿಯುವ ಉತ್ತರಕ್ಕೆ ಹೊಸ ಕಾರಣವೊಂದು ಬೇಕಾಗಿತ್ತು. ಅದನ್ನು ಅವರು ದಾರಿಯಲ್ಲೇ ಕಂಡುಕೊಂಡರು.

ಒಂಟಿತನದ ಭಾರ ಸಂಜೆಯ ಹೊತ್ತಿಗೇ ಹೆಚ್ಚು. ಹಗಲೆಲ್ಲ ಕಾಲಿಗೆ ಕೆಲಸ, ಕಣ್ಣಿಗೆ ಊರುಗಳು. ಹೊತ್ತು ಇಳಿಯುತ್ತಿದ್ದಂತೆ ಮಲಗುವ ಜಾಗದ ಚಿಂತೆ ಶುರು. ಛತ್ರದ ಬಾಗಿಲು ತೆರೆದಿದೆಯೋ, ಪೆಟ್ರೋಲ್ ಬಂಕಿನವರು ಮೂಲೆಯಲ್ಲಿ ಮಲಗಲು ಬಿಟ್ಟಾರೋ, ಢಾಬಾದ ಹಗ್ಗದ ಮಂಚ ಸಿಕ್ಕೀತೋ. ಹೆಣ್ಣುಮಕ್ಕಳಿಗೆ ಇದರ ಮೇಲೆ ಇನ್ನೊಂದು ಹೆದರಿಕೆ. ಯಾರ ನಗುವನ್ನು ನಂಬಬೇಕು, ಯಾರದನ್ನು ನಂಬಬಾರದು ಎಂದು ಪ್ರತಿ ಸಂಜೆ ಅಳೆಯಬೇಕು. ಭಾಷೆ ಬಾರದ ನಾಡಿನಲ್ಲಿ ಇಡೀ ದಿನ ಯಾರೊಂದಿಗೂ ಎರಡು ಮಾತು ಆಡದೆ ಕಳೆದಾಗ ತನ್ನ ದನಿಯೇ ತನಗೆ ಹೊಸದು ಅನ್ನಿಸುತ್ತದೆ. ಜೊತೆಗಾರರಿದ್ದರೆ ಬೇರೆ ತೊಡಕು. ಒಬ್ಬರ ವೇಗ ಇನ್ನೊಬ್ಬರಿಗೆ ಹೆಚ್ಚು, ಒಬ್ಬರಿಗೆ ಚಹಾ ಬೇಕೆನಿಸಿದಾಗ ಇನ್ನೊಬ್ಬರಿಗೆ ಊರು ತಲುಪುವ ಆತುರ. ಮನೆಯಲ್ಲಿ ಹತ್ತು ವರ್ಷ ಹೊಂದಿಕೊಂಡ ಗೆಳೆಯರು ರಸ್ತೆಯ ಮೇಲೆ ಹತ್ತು ದಿನಕ್ಕೆ ಮಾತು ಬಿಡುತ್ತಾರೆ. ಅಲ್ಲಿಯೂ ಮದ್ದು ಒಂದೇ: ದಣಿದಾಗ ಆಡಿದ ಮಾತನ್ನು ಆ ರಾತ್ರಿಗೇ ಬಿಟ್ಟುಬಿಡುವುದು, ಜೊತೆ ಇರಬೇಕೋ ಬೇರೆಯಾಗಬೇಕೋ ಎಂಬುದನ್ನು ಉಂಡು ಮಲಗಿ ಎದ್ದ ಮೇಲೆ ಕೂತು ಮಾತಾಡುವುದು.

ಇಲ್ಲೊಂದು ಎಚ್ಚರಿಕೆ ಸೇರಿಸಲೇಬೇಕು. ಬೆಳಗಿನವರೆಗೆ ಕಾಯಿರಿ ಎಂಬ ಮಾತು ಮನಸ್ಸಿನ ಕುಸಿತಕ್ಕೆ ಸಲ್ಲುವುದು, ದೇಹದ ಅಪಾಯಕ್ಕೆ ಸಲ್ಲದು. ಎದೆಯಲ್ಲಿ ನೋವು, ಏರುವ ಜ್ವರ, ಬಿಸಿಲಲ್ಲಿ ಮಾತು ತಡವರಿಸುವುದು, ದಿಕ್ಕು ತಪ್ಪಿದಂತಾಗುವುದು ಇವು ಆ ಕ್ಷಣವೇ ಸೈಕಲ್ಲಿನಿಂದ ಇಳಿಯಬೇಕಾದ, ನೆರವು ಕೇಳಬೇಕಾದ ಸೂಚನೆಗಳು. ಬಿಸಿಲಿನ ಹೊಡೆತ ತಿಂದವರು ತಮ್ಮ ಸ್ಥಿತಿಯನ್ನು ತಾವು ಅಳೆಯಲಾರರು. ಅಲ್ಲಿ ಛಲ ತೋರುವುದು ಜೀವಕ್ಕೆ ಎರವಾಗುತ್ತದೆ.

ಉಳಿದ ಸಂದರ್ಭಗಳಲ್ಲೆಲ್ಲ ಕ್ರಮ ಒಂದೇ ಇರಲಿ. ಏರಿನ ನಡುವೆ, ಮಳೆಯಲ್ಲಿ, ಹಸಿದಾಗ, ಕತ್ತಲಾದ ಮೇಲೆ ತೀರ್ಮಾನ ಬೇಡ. ಮೊದಲು ಊಟ, ಆಮೇಲೆ ಸ್ನಾನ, ಆಮೇಲೆ ನಿದ್ದೆ. ಬೇಕಾದರೆ ಒಂದು ದಿನ ಪೂರ್ತಿ ವಿಶ್ರಾಂತಿ. ಅದಾದ ಮೇಲೂ ಮನಸ್ಸು ನಿಚ್ಚಳವಾಗಿ ಸಾಕು ಎಂದರೆ ಹ್ಯಾಂಡಲ್ ತಿರುಗಿಸಿ ಮನೆಯ ಕಡೆ ಹೊರಡಬಹುದು. ಮನೆಯಲ್ಲಿ ಕಾಯಿಲೆ ಬಿದ್ದವರಿರಬಹುದು, ಕೈಯಲ್ಲಿ ಹಣ ಮುಗಿದಿರಬಹುದು, ನೋಡಬೇಕಾದ್ದನ್ನು ನೋಡಿಯಾಯಿತು ಎಂಬ ತೃಪ್ತಿಯೇ ಬಂದಿರಬಹುದು. ಕಾರಣ ಯಾವುದಿದ್ದರೂ ಅದು ಯೋಚಿಸಿ ತೆಗೆದುಕೊಂಡ ತೀರ್ಮಾನ. 1923ರ ಆ ಆರು ಮಂದಿಯಲ್ಲಿ ದಾರಿ ಬೇರೆ ಮಾಡಿಕೊಂಡವರನ್ನು ನಾವು ಸೋತವರೆಂದು ಎಣಿಸುವುದು ತಪ್ಪು. ಅವರೂ ಆ ಕಾಲದ ರಸ್ತೆಗಳಲ್ಲಿ ಮರುಭೂಮಿಯ ಅಂಚಿನವರೆಗೋ ಸಾಗರದಾಚೆಗೋ ತುಳಿದವರು.

ಈ ವಿವೇಕ ಸೈಕಲ್ಲು ಮುಟ್ಟದವರಿಗೂ ಬೇಕು. ಹಾಸಿಗೆ ಹಿಡಿದ ಹಿರಿಯರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆ, ಮತ್ತೆ ಮತ್ತೆ ಪರೀಕ್ಷೆಗೆ ಕೂತು ಬೇಸತ್ತ ಹುಡುಗ, ಮೂರು ವರ್ಷ ನಷ್ಟ ಕಂಡ ರೈತ ಎಲ್ಲರೂ ಎದುರುಗಾಳಿಯಲ್ಲೇ ಇದ್ದಾರೆ. ರಾತ್ರಿ ಹನ್ನೊಂದು ಗಂಟೆಗೆ, ಅರೆಹೊಟ್ಟೆಯಲ್ಲಿ, ನಿದ್ದೆಗೆಟ್ಟು ತನ್ನ ಬಾಳಿನ ಬಗ್ಗೆ ಮಾಡಿದ ತೀರ್ಮಾನವನ್ನು ಯಾರೂ ಕೊನೆಯ ಮಾತೆಂದು ತಿಳಿಯಬಾರದು. ಅಂಥವರಿಗೆ ಉಪದೇಶಕ್ಕಿಂತ ಮೊದಲು ಬೇಕಾದ್ದು ಒಂದು ದಿನದ ಬಿಡುವು. ಅವರ ಹೊರೆಯನ್ನು ಒಂದು ದಿನ ಹೊತ್ತುಕೊಳ್ಳುವವರು ಬೇಕು.

ನಮ್ಮ ಮನೆಗಳಿಂದಲೂ ಈಗ ಮಕ್ಕಳು ಸೈಕಲ್ ಹತ್ತಿ ಕನ್ಯಾಕುಮಾರಿಗೆ, ಲಡಾಖಿಗೆ, ಅದಕ್ಕೂ ದೂರಕ್ಕೆ ಹೊರಡುತ್ತಿದ್ದಾರೆ. ಒಂದು ಸಂಜೆ ಅವರ ಫೋನು ಬರುತ್ತದೆ, ದನಿ ಕುಗ್ಗಿರುತ್ತದೆ: “ಅಮ್ಮಾ, ಸಾಕಾಗಿದೆ ಕಣಮ್ಮ.” ವಾಪಸು ಬಂದುಬಿಡು ಎಂದು ಅವಸರಿಸಬೇಡಿ. ಇಷ್ಟು ದೂರ ಹೋಗಿ ಬಿಡಬೇಡ ಎಂದು ಹುರಿದುಂಬಿಸಲೂ ಬೇಡಿ. ಅವೆರಡೂ ಅವರ ತೀರ್ಮಾನವನ್ನು ನೀವು ಕಸಿದುಕೊಂಡಂತೆ. ನಮ್ಮ ಜನ ಯಾವತ್ತೂ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿ: “ಊಟ ಆಯ್ತೇನೋ?” ಆಗಿಲ್ಲ ಅಂದರೆ ಮೊದಲು ಉಂಡು ಮಲಗು, ಬೆಳಿಗ್ಗೆ ಮಾತಾಡೋಣ ಅನ್ನಿ. ಬೆಳಿಗ್ಗೆ ಅವರು ಮುಂದೆ ಹೋಗುತ್ತೇನೆ ಅಂದರೂ ತಿರುಗಿ ಬರುತ್ತೇನೆ ಅಂದರೂ ಒಂದೇ ಸಂತೋಷದಿಂದ ಒಪ್ಪಿಕೊಳ್ಳಿ. ದೂರ ಹೊರಟವರಿಗೆ ಮನೆಯಲ್ಲಿದ್ದವರು ಕೊಡಬಹುದಾದ ದೊಡ್ಡ ಬಲ ಅದೇ.